ಎಸಿ ಇಲ್ಲದ ಪಿಕಪ್ಪಿನಲ್ಲಿ ಫೋನ್ ಮಾತಿಗೆ ಯಾವ ಬ್ಲೂಟೂತ್ ಹೆಡ್‌ಸೆಟ್ ಆಗಬಹುದು?

ಪಿಕಪ್_ಹಾವೇರಿ:

ಗಾಡಿ ಬೊಲೆರೊ ಪಿಕಪ್. ಎಸಿ ಇಲ್ಲ, ಸ್ಟೀರಿಯೋ ಇಲ್ಲ, ಕಿಟಕಿ ಯಾವಾಗಲೂ ತೆಗೆದೇ ಇರುತ್ತೆ. ಓಡಾಟ ಹೆಚ್ಚಾಗಿ ಎನ್‌ಎಚ್ 48ರಲ್ಲಿ, ಹುಬ್ಬಳ್ಳಿ–ದಾವಣಗೆರೆ ನಡುವೆ, 60–70ರ ಸ್ಪೀಡಿನಲ್ಲಿ. ಬರೋ ಕಾಲ್‌ಗಳೆಲ್ಲ ಚಿಕ್ಕವು. ಎಪಿಎಂಸಿ ಅಂಗಡಿಯವರು, ಹಮಾಲರು, "ಎಲ್ಲಿದ್ದೀರಿ, ಎಷ್ಟೊತ್ತಿಗೆ ಬರ್ತೀರಿ" ಅಂತ ಕೇಳೋ ಮಾತು.

ಈಗಿರೋದು ಸಣ್ಣ ಇಯರ್‌ಬಡ್ ಜೋಡಿ. ಅವರ ಮಾತು ನನಗೆ ಚೆನ್ನಾಗಿ ಕೇಳುತ್ತೆ, ನನ್ನದು ಅವರಿಗೆ ಬರೀ ಗಾಳಿ ಸದ್ದಂತೆ. ಹೊಸದು ತಗೋಬೇಕು. ಎರಡು ಫೋನಿಗೂ ಒಂದೇ ಹೆಡ್‌ಸೆಟ್ ಸೇರಬೇಕು (ಒಂದು ಆಂಡ್ರಾಯ್ಡ್, ಒಂದು ಬ್ಲೂಟೂತ್ ಇರೋ ಕೀಪ್ಯಾಡ್ ಫೋನ್). ಕನ್ನಡಕ ಹಾಕ್ತೀನಿ. ಬಜೆಟ್ ಐದಾರು ಸಾವಿರ, ಕೆಲಸಕ್ಕೆ ಬರೋದಾದ್ರೆ ಇನ್ನೂ ಸ್ವಲ್ಪ ಮೇಲೆ ಹೋಗಬಹುದು. ಬಾಕ್ಸ್ ಮೇಲೆ ಬ್ಲೂಟೂತ್ 5.3, ಎಎನ್‌ಸಿ, ಇಎನ್‌ಸಿ, 40 ಗಂಟೆ ಪ್ಲೇಟೈಮ್ ಅಂತೆಲ್ಲ ಹಾಕಿರ್ತಾರೆ. ಇದರಲ್ಲಿ ಯಾವುದನ್ನ ನೋಡಬೇಕು, ಯಾವುದನ್ನ ಬಿಡಬೇಕು?

ಸೋಲ್ಡರ್_ಗನ್:

ಮೊದಲು ಮೈಕ್ ಎಲ್ಲಿದೆ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ಇಯರ್‌ಬಡ್‌ನ ಮೈಕ್ ಕಿವಿಯಲ್ಲೇ ಕೂತಿರುತ್ತೆ, ಬಾಯಿಂದ ಸುಮಾರು 12 ಸೆಂ.ಮೀ. ದೂರ. ಆ ದೂರ ಅರ್ಧಕ್ಕೆ ಇಳಿದ್ರೆ ನಿಮ್ಮ ದನಿ ಮೈಕಿಗೆ 6 ಡೆಸಿಬೆಲ್ ಜಾಸ್ತಿ ಸಿಗುತ್ತೆ, ಕಾಲು ಭಾಗಕ್ಕೆ ಇಳಿದ್ರೆ 12. ಎಂಜಿನ್ ಮತ್ತು ಟೈರ್ ಸದ್ದು ಮಾತ್ರ ಮೈಕ್ ಎಲ್ಲಿದ್ರೂ ಅಷ್ಟೇ. ಹಾಗಾಗಿ ಬಾಯಿ ಕಡೆಗೆ ಕಡ್ಡಿ ಚಾಚಿರೋ ಮೈಕ್, ಅಂದ್ರೆ ಬೂಮ್ ಮೈಕ್, ಇರೋ ಒಂದೇ ಕಿವಿಯ ಹೆಡ್‌ಸೆಟ್ ನಿಮಗೆ ಸರಿ.

ಎಎನ್‌ಸಿ ನಿಮ್ಮ ಕಿವಿಗೆ ಬೀಳೋ ಸದ್ದನ್ನ ಕಡಿಮೆ ಮಾಡೋದು, ಆ ಕಡೆಯವರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಗಾಡಿ ಓಡಿಸುವಾಗ ಹಾರ್ನು, ಆಂಬ್ಯುಲೆನ್ಸ್ ಕೇಳಲೇಬೇಕು, ಆದ್ದರಿಂದ ಇದ್ರೂ ಆಫ್ ಮಾಡಿ. ಇಎನ್‌ಸಿ ಅನ್ನೋದು ಮೈಕಿನ ಕಡೆಯದು. ಎರಡು ಮೂರು ಮೈಕಿಗೆ ಬಂದ ಸದ್ದನ್ನ ಹೋಲಿಸಿ, ಎಲ್ಲದಕ್ಕೂ ಒಂದೇ ಥರ ಬಂದ ಗದ್ದಲವನ್ನ ಕಳೆಯುತ್ತೆ. ಎಂಜಿನ್ ಸದ್ದಿಗೆ ಇದು ಸಾಕಷ್ಟು ಕೆಲಸ ಮಾಡುತ್ತೆ. ಗಾಳಿಗೆ ಮಾತ್ರ ಸೋಲುತ್ತೆ. ಯಾಕಂದ್ರೆ ಗಾಳಿ ಮೈಕಿನ ತೂತಿಗೇ ಬಡಿದು ಅಲ್ಲೇ ಸುಳಿ ಎಬ್ಬಿಸುತ್ತೆ, ಒಂದು ಮೈಕಿನ ಸುಳಿಗೂ ಪಕ್ಕದ ಮೈಕಿನ ಸುಳಿಗೂ ಹೋಲಿಕೆಯೇ ಇರಲ್ಲ. ಕಳೆಯೋಕೆ ಲೆಕ್ಕ ಸಿಗಬೇಕಲ್ಲ. ಗಾಳಿಗೆ ಮದ್ದು ಎರಡೇ: ಮೈಕ್ ಮೇಲೆ ಸ್ಪಂಜಿನ ಟೋಪಿ, ಅಥವಾ ಮೈಕನ್ನೇ ಗಾಳಿ ಬೀಸದ ಕಡೆ ಇಡೋದು.

ಅದಕ್ಕೇ ಹೆಡ್‌ಸೆಟ್ಟನ್ನ ಎಡಗಿವಿಗೆ ಹಾಕಿ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ, ತೆಗೆದ ಕಿಟಕಿಯೂ ಬಲಕ್ಕೆ. ಎಡಗೆನ್ನೆ ಮೇಲಿನ ಮೈಕಿಗೆ ನಿಮ್ಮ ಮುಖವೇ ಅಡ್ಡ ಆಗುತ್ತೆ. ಓವರ್‌ಟೇಕ್ ಮಾಡೋರ ಹಾರ್ನು ಬರೋದೂ ಬಲಗಡೆಯಿಂದಲೇ, ಆ ಕಿವಿ ಖಾಲಿ ಇರುತ್ತೆ. ಕ್ಲೀನರ್ ಕಡೆಯ ಗಾಜು ಏರಿಸಿಬಿಡಿ. ಎರಡೂ ತೆಗೆದಿದ್ರೆ ಕ್ಯಾಬಿನ್ನಿನಲ್ಲಿ ಗಾಳಿ ಅಡ್ಡ ಹಾಯುತ್ತೆ.

5.3, 5.4 ನಂಬರಿಗೆ ದುಡ್ಡು ಕೊಡಬೇಡಿ. ಮಾತು ಹೋಗೋದು ಎಚ್‌ಎಫ್‌ಪಿ ಅನ್ನೋ ಪ್ರೊಫೈಲ್ (ಕಾಲ್‌ಗೆ ಅಂತಲೇ ಇರೋ ಬ್ಲೂಟೂತ್ ಕ್ರಮ) ಮೇಲೆ. ಅದರಲ್ಲಿ ಹಳೇ ಕೋಡೆಕ್, ಅಂದ್ರೆ ದನಿಯನ್ನ ಅಡಕ ಮಾಡಿ ಕಳಿಸೋ ವಿಧಾನ, ಸಿವಿಎಸ್‌ಡಿ (8 ಕಿಲೋಹರ್ಟ್ಜ್), ಸುಧಾರಿಸಿದ್ದು ಎಂಎಸ್‌ಬಿಸಿ (16 ಕಿಲೋಹರ್ಟ್ಜ್). ವೋಲ್ಟಿ (4ಜಿ ಮೇಲೆ ಹೋಗೋ) ಕಾಲ್ ಸ್ಪಷ್ಟವಾಗಿ ಬಂದ್ರೂ ಹೆಡ್‌ಸೆಟ್ ಬರೀ ಸಿವಿಎಸ್‌ಡಿ ಆಗಿದ್ರೆ ದನಿ ಕೊನೇ ಒಂದು ಮೀಟರಿನಲ್ಲಿ ಮಂಕಾಗುತ್ತೆ, "ಸ" ಮತ್ತು "ಶ" ಬೇರೆ ಬೇರೆ ಕೇಳಲ್ಲ. ಬಾಕ್ಸಿನಲ್ಲಿ "ಎಚ್‌ಡಿ ವಾಯ್ಸ್" ಅಥವಾ "ವೈಡ್‌ಬ್ಯಾಂಡ್" ಅಂತ ಇದೆಯಾ ನೋಡಿ. ಎಲ್‌ಡಿಎಸಿ, ಆಪ್ಟ್‌ಎಕ್ಸ್ ಎಚ್‌ಡಿ ಥರದ್ದೆಲ್ಲ ಹಾಡಿಗೆ. ಕಾಲ್ ಶುರುವಾದ ಕೂಡ್ಲೇ ಅವು ಪಕ್ಕಕ್ಕೆ ಸರಿಯುತ್ತವೆ. ಕೀಪ್ಯಾಡ್ ಫೋನಿನಲ್ಲಿ ಬಹುತೇಕ ಸಿವಿಎಸ್‌ಡಿ ಮಾತ್ರ ಇರುತ್ತೆ, ಅದರ ಕಾಲ್ ಸ್ವಲ್ಪ ಮಂದ ಕೇಳಿಸಿದ್ರೆ ಹೆಡ್‌ಸೆಟ್ಟನ್ನ ಬೈಬೇಡಿ.

40 ಗಂಟೆ ಅಂದ್ರೆ ಕೇಸಿನ ಚಾರ್ಜನ್ನೂ ಸೇರಿಸಿ ಹಾಡಿನ ಲೆಕ್ಕ. ನಿಮಗೆ ಬೇಕಾದ್ದು ಟಾಕ್‌ಟೈಮ್. ಆರೇಳು ಗಂಟೆ ಇದ್ರೆ ಧಾರಾಳ.

ಘಟ್ಟದ_ಗೇರು:

ಮೇಲಿನವರು ಹೇಳಿದ್ದಕ್ಕೆ ಮಾಡೆಲ್ ಸೇರಿಸ್ತೀನಿ. ಈ ವರ್ಗದಲ್ಲಿ ಹಳೇ ಹುಲಿ ಅಂದ್ರೆ ಪ್ಲಾಂಟ್ರಾನಿಕ್ಸ್ ವಾಯೇಜರ್ 5200, ಈಗ ಪಾಲಿ ಹೆಸರಿನಲ್ಲಿ ಬರುತ್ತೆ (ಪಾಲಿಯನ್ನ 2022ರಲ್ಲಿ ಎಚ್‌ಪಿ ಕೊಂಡಿತು). 20 ಗ್ರಾಂ ತೂಕ, ನಾಲ್ಕು ಮೈಕ್, 7 ಗಂಟೆ ಟಾಕ್‌ಟೈಮ್, ಎರಡು ಫೋನಿಗೆ ಒಟ್ಟಿಗೆ ಸೇರುತ್ತೆ. ಬೂಮ್ ತಿರುಗುತ್ತೆ, ಯಾವ ಕಿವಿಗೆ ಬೇಕಾದ್ರೂ ಹಾಕಬಹುದು. ನಿಮ್ಮ ಬಜೆಟ್ ದಾಟುತ್ತೆ, ಆದ್ರೆ ಗಾಳಿ ತಡೆಯೋ ವಿಷಯದಲ್ಲಿ ಸಣ್ಣ ಹೆಡ್‌ಸೆಟ್‌ಗಳ ಪೈಕಿ ನನ್ನ ಮೊದಲ ಆಯ್ಕೆ ಅದೇ. ಇದರ ನಕಲಿ ಸಿಗುತ್ತೆ ಅನ್ನೋದು ನೆನಪಿರಲಿ, ಅರ್ಧ ಬೆಲೆಗೆ ಹೊಸದು ಅಂತ ಯಾರಾದ್ರೂ ಕೊಟ್ರೆ ಬಿಡಿ. ಇದೇ ಥರ ಒಂದೇ ಕಿವಿಯ ಜಾಬ್ರಾ ಟಾಕ್ ಸರಣಿಯನ್ನ ನಿಲ್ಲಿಸ್ತೀವಿ ಅಂತ ಕಂಪನಿ 2024ರಲ್ಲೇ ಹೇಳಿದೆ. ಅಂಗಡಿಯಲ್ಲಿ ಉಳಿದ ಸ್ಟಾಕ್ ಸಿಕ್ಕರೆ ತಯಾರಾದ ತಿಂಗಳು ನೋಡಿ ತಗೊಳ್ಳಿ, ತುಂಬಾ ದಿನ ಶೆಲ್ಫಲ್ಲಿ ಕೂತ ಬ್ಯಾಟರಿ ಸೊರಗಿರಬಹುದು.

ಕನ್ನಡಕದ ವಿಷಯ. ಕಿವಿ ಹಿಂದೆ ಹೋಗೋ ಕೊಕ್ಕೆಗೂ ಕನ್ನಡಕದ ಕಡ್ಡಿಗೂ ಅಲ್ಲೇ ಜಗಳ. ಮೊದಲು ಹೆಡ್‌ಸೆಟ್ ಹಾಕಿ, ಅದರ ಮೇಲೆ ಕನ್ನಡಕದ ಕಡ್ಡಿ ಕೂರಿಸಿ. ತಿರುಗಾಮುರುಗಾ ಆದ್ರೆ ಕೊಕ್ಕೆ ಎದ್ದು ಬೂಮ್ ಕೆಳಗೆ ಜಾರುತ್ತೆ. ಕಡ್ಡಿ ದಪ್ಪ ಪ್ಲಾಸ್ಟಿಕ್ಕಿನದಾದ್ರೆ ಅಂಗಡಿಯಲ್ಲೇ ಹಾಕಿ ನೋಡದೆ ತರಬೇಡಿ.

ಲಾರಿಯವರು ಹಾಕೋ ತಲೆಪಟ್ಟಿಯ ಹೆಡ್‌ಸೆಟ್ ಇನ್ನೊಂದು ದಾರಿ, ಬ್ಲೂಪ್ಯಾರಟ್ ಬಿ450-ಎಕ್ಸ್‌ಟಿ ಥರದ್ದು. ಬೂಮ್ ಬಾಯಿಯ ಮೂಲೆವರೆಗೂ ಬರುತ್ತೆ, ತುದಿಗೆ ಸ್ಪಂಜು ಇರುತ್ತೆ, ಟಾಕ್‌ಟೈಮ್ 24 ಗಂಟೆ. ಗದ್ದಲಕ್ಕೆ ಇದರ ಮುಂದೆ ಯಾವುದೂ ಇಲ್ಲ. ಆದ್ರೆ ಏಪ್ರಿಲ್ ಬಿಸಿಲಲ್ಲಿ, ಎಸಿ ಇಲ್ಲದ ಕ್ಯಾಬಿನ್ನಲ್ಲಿ, ಕಿವಿ ಪೂರ್ತಿ ಮುಚ್ಚೋ ಕುಶನ್ ಒಂದು ಗಂಟೆಗೆ ಬೆವರಿಂದ ಒದ್ದೆ. ಎರಡು ನಿಮಿಷದ ಕಾಲ್‌ಗೋಸ್ಕರ ದಿನವಿಡೀ ಅದನ್ನ ಹೊರೋದು ನನಗಂತೂ ಸರಿ ಕಾಣಲ್ಲ.

ಮೂಳೆ ಮೂಲಕ ಕೇಳಿಸೋ ಹೆಡ್‌ಸೆಟ್ಟಿನಲ್ಲಿ ಬೂಮ್ ಇರೋದು ಶಾಕ್ಸ್ ಓಪನ್‌ಕಾಮ್. ಎರಡು ಕಿವಿಯೂ ತೆರೆದೇ ಇರುತ್ತೆ, ಆ ಮಟ್ಟಿಗೆ ಒಳ್ಳೇದು. ತೊಂದರೆ ಏನಂದ್ರೆ ಪಟ್ಟಿ ಕತ್ತಿನ ಹಿಂದೆ ಹೋಗುತ್ತೆ. ಸೀಟಿಗೆ ತಲೆ ಒರಗಿಸಿದ ಕೂಡ್ಲೇ ಪಟ್ಟಿ ಮುಂದಕ್ಕೆ ತಳ್ಳಿಸಿಕೊಂಡು ಸ್ಪೀಕರ್ ಕೆನ್ನೆಮೂಳೆಯಿಂದ ಸರಿಯುತ್ತೆ. ಡೀಸೆಲ್ ಎಂಜಿನ್ ಸದ್ದಲ್ಲಿ ಆ ಕಡೆಯವರ ಮಾತು ನಿಮಗೇ ಸಣ್ಣದಾಗಿ ಕೇಳುತ್ತೆ.

ಸನ್‌ವೈಸರಿಗೆ ಸಿಕ್ಕಿಸೋ ಸ್ಪೀಕರ್‌ಫೋನ್ ಎಸಿ ಹಾಕಿ ಗಾಜು ಏರಿಸಿದ ಕಾರಿಗೆ ಚೆನ್ನ, ನಿಮ್ಮ ಗಾಡಿಗೆ ಬೇಡ. ಸಿಗರೇಟ್ ಲೈಟರಿಗೆ ಚುಚ್ಚೋ ಎಫ್‌ಎಂ ಟ್ರಾನ್ಸ್‌ಮಿಟರ್ ಸ್ಟೀರಿಯೋ ಇಲ್ಲದ ಮೇಲೆ ಪ್ರಶ್ನೆಯೇ ಇಲ್ಲ.

ಯಾವುದೇ ತಗೊಳ್ಳಿ, ಒತ್ತೋ ಬಟನ್ ಇರಲಿ, ಟಚ್ ಬೇಡ. ಬೆವರಿದ ಬೆರಳಿಗೆ ಟಚ್ ಎರಡು ಸಲ ತಾಕಿದಂತಾಗಿ ಎತ್ತಿದ ಕಾಲ್ ಅಲ್ಲೇ ಕಟ್ ಆಗುತ್ತೆ. ಬಟನ್ ಆದ್ರೆ ರಸ್ತೆ ಮೇಲೆ ಕಣ್ಣಿಟ್ಟುಕೊಂಡೇ ಹುಡುಕಬಹುದು. ಬಾಕ್ಸ್ ಮೇಲೆ ಬಿಐಎಸ್ ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರುತ್ತೆ, ಅದನ್ನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಅಲ್ಲಿ ಬರೋ ಬ್ರ್ಯಾಂಡ್ ಹೆಸರು ಬೇರೆ ಆಗಿದ್ರೆ ವಾಪಸ್ ಕೊಡಿ.

ಹಳೇ_ಲೈಸೆನ್ಸ್:

ಕಾನೂನಿನ ಕಡೆಯಿಂದ ಸ್ವಲ್ಪ. ಮೋಟಾರು ವಾಹನ ಕಾಯ್ದೆ 1988ರ 184ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಬಂತು. ಓಡಿಸುವಾಗ ಕೈಯಲ್ಲಿ ಹಿಡಿಯೋ ಫೋನ್ ಬಳಸೋದು ಈಗ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿದೆ. ಮೊದಲ ಸಲ ಸಿಕ್ಕರೆ 6 ತಿಂಗಳಿಂದ 1 ವರ್ಷದ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಸ್ಥಳದಲ್ಲೇ ಕಟ್ಟೋ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2020ರ ಅಕ್ಟೋಬರಿನಿಂದ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಆದ್ದರಿಂದ ಫೋನ್ ಸ್ಟ್ಯಾಂಡಿನಲ್ಲೇ ಇರಲಿ. ಕಾಯ್ದೆ ಹೇಳೋದು ಕೈಯಲ್ಲಿ ಹಿಡಿದ ಸಾಧನದ ಬಗ್ಗೆ. ಆದ್ರೂ ಎರಡೂ ಕಿವಿ ಮುಚ್ಚಿಕೊಂಡಿದ್ರೆ ಪೊಲೀಸರು ನಿಲ್ಲಿಸಿ ಕೇಳೋದು ಸಹಜ, ಒಂದೇ ಕಿವಿಯದ್ದು ಆ ದೃಷ್ಟಿಯಿಂದಲೂ ವಾಸಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 1997ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಕೆನಡಾದ ಅಧ್ಯಯನ, ಫೋನಿನಲ್ಲಿ ಮಾತಾಡುವಾಗ ಡಿಕ್ಕಿಯಾಗೋ ಸಂಭವ ಸುಮಾರು ನಾಲ್ಕು ಪಟ್ಟು ಅಂತ ಹೇಳಿತು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಅದರಲ್ಲಿ ವಿನಾಯಿತಿ ಸಿಗಲಿಲ್ಲ. ಕೈ ಖಾಲಿ ಆದ್ರೂ ತಲೆ ಖಾಲಿ ಇರಲ್ಲ. ರೇಟು ಮಾತಾಡೋದು, ಲೆಕ್ಕ ಒಪ್ಪಿಸೋದು ಬಂದ್ರೆ "ಗಾಡಿ ನಿಲ್ಲಿಸಿ ಮಾಡ್ತೀನಿ" ಅಂತ ಇಟ್ಟುಬಿಡಿ.

ಪಿಕಪ್_ಹಾವೇರಿ:

ಎಲ್ಲರಿಗೂ ಥ್ಯಾಂಕ್ಸ್. 5200 ಕಡೆಗೆ ಮನಸ್ಸು ವಾಲಿದೆ. ಎರಡು ಫೋನ್ ಸೇರಿಸೋ ಕ್ರಮ ಹೇಗೆ? ಇನ್ನೊಂದು, ಯಾರು ಮಾಡ್ತಿದ್ದಾರೆ ಅಂತ ಸ್ಕ್ರೀನ್ ನೋಡದೆ ಕಿವಿಯಲ್ಲೇ ಹೆಸರು ಕೇಳಿಸುತ್ತಾ? ನನ್ನ ಕಾಂಟ್ಯಾಕ್ಟ್ ಹೆಸರೆಲ್ಲ ಕನ್ನಡದಲ್ಲೇ ಇವೆ.

ಸೋಲ್ಡರ್_ಗನ್:

ಗಾಡಿ ಓಡಿಸೋಕೆ ಮೊದಲೇ, ಮನೆಯಲ್ಲಿ ಕೂತು ಮಾಡಿ. ಹೆಡ್‌ಸೆಟ್ ಆನ್ ಮಾಡಿ, ಕಾಲ್ ಬಟನ್ನನ್ನ "ಪೇರಿಂಗ್" ಅಂತ ಕೇಳೋವರೆಗೂ ಒತ್ತಿ ಹಿಡಿಯಿರಿ. ಮೊದಲು ಕೀಪ್ಯಾಡ್ ಫೋನಿಗೆ ಸೇರಿಸಿ. ಆಮೇಲೆ ಆ ಫೋನಿನ ಬ್ಲೂಟೂತ್ ಆಫ್ ಮಾಡಿ, ಹೆಡ್‌ಸೆಟ್ಟನ್ನ ಮತ್ತೆ ಪೇರಿಂಗಿಗೆ ಹಾಕಿ ಆಂಡ್ರಾಯ್ಡಿಗೆ ಸೇರಿಸಿ. ಕೊನೆಗೆ ಕೀಪ್ಯಾಡ್ ಫೋನಿನ ಬ್ಲೂಟೂತ್ ಆನ್ ಮಾಡಿ. ಮೊದಲ ಫೋನನ್ನ ಆಫ್ ಮಾಡದೆ ಎರಡನೇದಕ್ಕೆ ಕೈ ಹಾಕಿದ್ರೆ ಹೆಡ್‌ಸೆಟ್ ಮೊದಲನೇದಕ್ಕೇ ಮತ್ತೆ ಮತ್ತೆ ಅಂಟಿಕೊಳ್ಳುತ್ತೆ. ಹಳೇ ಇಯರ್‌ಬಡ್ಡನ್ನ ಆಂಡ್ರಾಯ್ಡಿನ ಪಟ್ಟಿಯಿಂದ ತೆಗೆದುಹಾಕಿ, ಇಲ್ಲದಿದ್ರೆ ಕಾಲ್ ಜೇಬಲ್ಲಿರೋ ಅದಕ್ಕೇ ಹೋಗಿ ಕೂರಬಹುದು.

ಹೆಸರು ಕೇಳಿಸೋಕೆ: ಗೂಗಲ್ ಫೋನ್ ಆ್ಯಪ್ ಇದ್ರೆ ಸೆಟ್ಟಿಂಗ್ಸ್‌ನಲ್ಲಿ ಕಾಲರ್ ಐಡಿ ಅನೌನ್ಸ್‌ಮೆಂಟ್ ಅಂತ ಇದೆ. ಅಲ್ಲಿ ಹೆಡ್‌ಸೆಟ್ ಇದ್ದಾಗ ಮಾತ್ರ ಅನ್ನೋ ಆಯ್ಕೆ ಹಾಕಿ. ಓದೋ ದನಿ ಇಂಗ್ಲಿಷ್ ಆಗಿದ್ರೆ ಕನ್ನಡ ಅಕ್ಷರದ ಹೆಸರು ಸರಿಯಾಗಿ ಬರದೇ ಹೋಗಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಟೆಕ್ಸ್ಟ್ ಟು ಸ್ಪೀಚ್" ಹುಡುಕಿ, ಗೂಗಲ್ ಎಂಜಿನ್ನಿನಲ್ಲಿ ಕನ್ನಡ ದನಿ ಇಳಿಸಿಕೊಂಡು ಭಾಷೆ ಕನ್ನಡಕ್ಕೆ ಬದಲಿಸಿ. ವಾಟ್ಸ್‌ಆ್ಯಪ್ ಕಾಲ್ ಹೆಡ್‌ಸೆಟ್ಟಿಗೆ ಬರದೇ ಫೋನಿನಲ್ಲೇ ಮಾತಾಡಿದ್ರೆ, ಆಂಡ್ರಾಯ್ಡ್ 12 ಮತ್ತು ಅದಕ್ಕಿಂತ ಮೇಲಿನದರಲ್ಲಿ ವಾಟ್ಸ್‌ಆ್ಯಪಿಗೆ ಹತ್ತಿರದ ಸಾಧನಗಳ ಅನುಮತಿ ಕೊಟ್ಟಿದೆಯಾ ನೋಡಿ. ಮುಕ್ಕಾಲು ಪಾಲು ದೂರು ಅಲ್ಲೇ ಮುಗಿಯುತ್ತೆ.

ಫೋನನ್ನ ಬಲ ಹಿಂಜೇಬಲ್ಲಿ ಇಟ್ಟು ಕೂರಬೇಡಿ. 2.4 ಗಿಗಾಹರ್ಟ್ಜ್ ಸಿಗ್ನಲ್ಲನ್ನ ದೇಹದಲ್ಲಿರೋ ನೀರು ಹೀರುತ್ತೆ, ಎಡಗಿವಿಗೆ ತುಂಡು ತುಂಡಾಗಿ ಬರುತ್ತೆ.

ಘಟ್ಟದ_ಗೇರು:

ಬಂದ ಮೇಲೆ ರಿಟರ್ನ್ ದಿನ ಮುಗಿಯೋದರೊಳಗೆ ಪರೀಕ್ಷೆ ಮಾಡಿ. ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಪಕ್ಕದಲ್ಲಿ ಕೂತು ಕಾಲ್ ಮಾಡಿ. ಆ ಸೀಟಿನಲ್ಲಿ ಕಿಟಕಿ ಎಡಕ್ಕೆ ಬರುತ್ತೆ, ಹಾಗಾಗಿ ಪರೀಕ್ಷೆಗೆ ಮಾತ್ರ ಹೆಡ್‌ಸೆಟ್ ಬಲಗಿವಿಗೆ. ಗಾಜು ಪೂರ್ತಿ ಇಳಿಸಿ, 60ರಲ್ಲಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ. ಆ ಕಡೆಯವರು ಯಾವ ಸಂಖ್ಯೆ ತಪ್ಪಿತು ಅಂತ ಬರೆದುಕೊಳ್ಳಲಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಕಳಿಸಿ ನೋಡಬೇಡಿ, ಅದು ಎಷ್ಟೋ ಸಲ ಫೋನಿನ ಮೈಕಲ್ಲೇ ರೆಕಾರ್ಡ್ ಆಗುತ್ತೆ. ಅವರಿಗೆ ಅವರದೇ ಮಾತು ತಿರುಗಿ ಕೇಳಿಸ್ತಿದ್ರೆ ನಿಮ್ಮ ವಾಲ್ಯೂಮ್ ಎರಡು ಮೆಟ್ಟಿಲು ಇಳಿಸಿ. ಸ್ಪೀಕರಿಂದ ಸೋರಿದ್ದು ಮೈಕಿಗೆ ಹೋಗ್ತಿರುತ್ತೆ. ಕಿವಿ ಬಡ್ ಸಡಿಲ ಆಗಿದ್ರೂ ಹೀಗೇ, ಒಂದು ಸೈಜ್ ದೊಡ್ಡದು ಹಾಕಿ ನೋಡಿ.

ಲೋಡ್ ಇಳಿಸೋವಾಗ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಕ್ಯಾಬಿನ್ 60 ಡಿಗ್ರಿ ಮುಟ್ಟುತ್ತೆ, ಲಿಥಿಯಂ ಬ್ಯಾಟರಿ ಚಾರ್ಜಿಗೆ ಸಾಮಾನ್ಯ ಮಿತಿ 45. ಬಿಸಿಯಾದ ಹೆಡ್‌ಸೆಟ್ಟಿಗೆ ಕೇಬಲ್ ಚುಚ್ಚಿದ್ರೆ ಒಂದೋ ಚಾರ್ಜ್ ಹತ್ತಲ್ಲ, ಇಲ್ಲಾ ಬ್ಯಾಟರಿ ಬೇಗ ಉಬ್ಬುತ್ತೆ. ಅಂಗಿ ಜೇಬಲ್ಲಿ ಇಟ್ಟುಕೊಳ್ಳಿ. ಮೈಕಿನ ತೂತಿಗೆ ಮೆಣಸಿನಕಾಯಿ ಧೂಳು ಕೂತ್ರೆ ದನಿ ಮುಚ್ಚಿದ ಹಾಗೆ ಬರುತ್ತೆ. ಅದಕ್ಕೆ ಒಣ ಹಲ್ಲುಜ್ಜೋ ಬ್ರಷ್ ಸಾಕು. ಸೂಜಿ ಹಾಕಬೇಡಿ, ಊದಬೇಡಿ.