ಬೆಳಗಾಗುವಷ್ಟರಲ್ಲಿ ಐಸಿಜಿ ಹೊಳಪು ಮಾಯ, ಪಿಎಲ್‌ಜಿಎ ಕಣ ಮಾಡುವವರು ದಯವಿಟ್ಟು ನೋಡಿ

ಕೊತ್ರೂಡ್‌_ಪಿಎಚ್‌ಡಿ:
ಮೂರನೇ ಬ್ಯಾಚೂ ಹೋಯಿತು. ಅಳು ಬರ್ತಿದೆ. ಪಿಎಲ್‌ಜಿಎ 50:50, ಅಂದರೆ ದೇಹದಲ್ಲಿ ಕರಗುವ ಪಾಲಿಮರ್; ಒಳಗೆ ಕ್ಯಾನ್ಸರ್ ಮದ್ದು ಡಾಕ್ಸೊರುಬಿಸಿನ್ ಮತ್ತು ಹೊಳೆಯುವ ಹಸಿರು ಡೈ ಐಸಿಜಿ. ಗಡ್ಡೆ ಎಲ್ಲಿದೆ ಅಂತ ತೋರಿಸೋದೂ ಅದೇ ಕಣ, ಮದ್ದು ಇಳಿಸೋದೂ ಅದೇ ಕಣ. ಸೈಜ್ 170 ನ್ಯಾನೊಮೀಟರ್, ಅದರಲ್ಲಿ ತಕರಾರಿಲ್ಲ. ಸಂಜೆ ಚೆನ್ನಾಗಿ ಹೊಳೆಯುತ್ತೆ. ಬೆಳಗ್ಗೆ ಅದೇ ವಯಲ್‌ನಲ್ಲಿ ಸಿಗ್ನಲ್ ಕಾಲು ಭಾಗವೂ ಇಲ್ಲ. 808 ನ್ಯಾನೊಮೀಟರ್ ಲೇಸರ್ ಹಾಕಿದರೆ ಡೈ ಬಿಸಿಯಾಗಬೇಕು, ಅದೂ ಏರಲ್ಲ. ಸೋಮವಾರ ಇಮೇಜಿಂಗ್ ಸ್ಲಾಟ್, ತಿಂಗಳು ಕಾದು ಸಿಕ್ಕಿದ್ದು. ಎಲ್ಲಾ ಪ್ರೊಟೊಕಾಲ್ ಪ್ರಕಾರವೇ ಮಾಡಿದ್ದೇನೆ. ಪಿಎಲ್‌ಜಿಎನೇ ಒಡೆದು ಹೋಗ್ತಿದೆಯಾ?

ಪಾಷಾಣ್_ಪಾಲಿಮರ್:
50:50 ಕರಗಿ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಸಿಡ್ ಆಗೋಕೆ ವಾರಗಳು ಬೇಕು. ನಿಮ್ಮದು ಸೋನಿಕೇಟರ್ (ಶಬ್ದದ ಅಲೆಯಿಂದ ಕಣ ಸಣ್ಣದು ಮಾಡೋ ಯಂತ್ರ) ಸಮಸ್ಯೆ. ಬಿಸಿಗೆ ಡೈ ಕೆಡ್ತಿದೆ. ಐಸ್ ಮೇಲೆ ಇಟ್ಟಿದ್ರಾ?

ಕೊತ್ರೂಡ್‌_ಪಿಎಚ್‌ಡಿ:
ಐಸ್ ಮೇಲೆಯೇ.

ಪಾಷಾಣ್_ಪಾಲಿಮರ್:
ಐಸ್ ಒಂದೇ ಸಾಲದು, ಬಿಟ್ಟು ಬಿಟ್ಟು ಪಲ್ಸ್ ಕೊಡಿ. ಟಿಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಟೈಟಾನಿಯಂ ಪುಡಿ ಸ್ಯಾಂಪಲ್‌ಗೆ ಇಳಿಯುತ್ತೆ.

ಮಾಟುಂಗಾ_ಮಾಮ:
ಸರ್, ಸೋನಿಕೇಟರ್ ಕೆಡಿಸಿದ್ದರೆ ಸಂಜೆಯೇ ಹೊಳೀತಿರಲಿಲ್ಲ ಅಲ್ವಾ? ಮೇಡಂ, ಕಣ ತಳಕ್ಕಿಳಿಸೋಕೆ ಸೆಂಟ್ರಿಫ್ಯೂಜ್ ತಿರುಗಿಸಿದ್ದು ಎಷ್ಟರಲ್ಲಿ?

ಕೊತ್ರೂಡ್‌_ಪಿಎಚ್‌ಡಿ:
12000 ಆರ್‌ಪಿಎಂ.

ಮಾಟುಂಗಾ_ಮಾಮ:
ರೋಟರ್ ಯಾವುದು? ಆರ್‌ಪಿಎಂ ಬೇಡ, ಜಿ (ಕಣದ ಮೇಲೆ ಬೀಳೋ ಬಲ) ಹೇಳಿ.

ಪಾಷಾಣ್_ಪಾಲಿಮರ್:
ಲ್ಯಾಬ್‌ನಲ್ಲಿ ಎಲ್ಲರೂ ಆರ್‌ಪಿಎಂನಲ್ಲೇ ಮಾತಾಡೋದು.

ಮಾಟುಂಗಾ_ಮಾಮ:
ಅದಕ್ಕೇ ಒಬ್ಬರ ಪ್ರೊಟೊಕಾಲ್ ಇನ್ನೊಬ್ಬರ ಕೈಯಲ್ಲಿ ನಡೆಯಲ್ಲ. ಈ ವಿಷಯದಲ್ಲಿ ನಾನು ಬಿಡಲ್ಲ.

ಪಣಜಿ_ಕಲಾಯ್ಡ್:
ವಯಲ್ ರಾತ್ರಿ ಎಲ್ಲಿತ್ತು?

ಕೊತ್ರೂಡ್‌_ಪಿಎಚ್‌ಡಿ:
ಬೆಂಚ್ ಮೇಲೆ, ಪಿಬಿಎಸ್ ಉಪ್ಪುನೀರಲ್ಲಿ. ಬಣ್ಣವಿಲ್ಲದ ಗಾಜು. ಟ್ಯೂಬ್‌ಲೈಟ್ ರಾತ್ರಿಯೆಲ್ಲ ಉರಿಯುತ್ತೆ. ಅದನ್ನು ಹೇಳಬೇಕು ಅನಿಸಲಿಲ್ಲ.

ಪಣಜಿ_ಕಲಾಯ್ಡ್:
ಸಿಕ್ಕಿತು. ಐಸಿಜಿ ನೀರಲ್ಲಿ ತಾನಾಗಿ ಕೆಡುತ್ತೆ, ಬೆಳಕಿದ್ದರೆ ಇನ್ನೂ ಬೇಗ. ಆಸ್ಪತ್ರೆಗೆ ಅದು ಪುಡಿಯಾಗಿ ಬರೋದು ಅದಕ್ಕೇ. ಕರಗಿಸಿದ ಮೇಲೆ 6 ಗಂಟೆಯೊಳಗೆ ಬಳಸಬೇಕು. ಕಣದ ಒಳಗಿದ್ದರೆ ಸ್ವಲ್ಪ ತಡೆದುಕೊಳ್ಳುತ್ತೆ. ಆದರೆ ನೀರಲ್ಲಿ ಕರಗುವ ಡೈ ಅಲ್ವಾ, ಮೆಲ್ಲಗೆ ಸೋರಿಬಿಡುತ್ತೆ. ಫಾಯಿಲ್ ಸುತ್ತಿ ಫ್ರಿಡ್ಜ್‌ನಲ್ಲಿ ಒಂದು, ಬೆಂಚ್ ಮೇಲೆ ಒಂದು ಇಟ್ಟು ನೋಡಿ. ಬೆಳಗ್ಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ನೀರಿನ ಬಣ್ಣ ಹೇಳಿ.

ಕೊತ್ರೂಡ್‌_ಪಿಎಚ್‌ಡಿ (ಮರುದಿನ):
ಫಾಯಿಲ್ ವಯಲ್‌ನಲ್ಲಿ ಸಿಗ್ನಲ್ ಬಹುಪಾಲು ಉಳಿದಿದೆ! ಬೆಂಚಿನದರಲ್ಲಿ ಹಸಿರು ಹೋಗಿ ಡಾಕ್ಸೊರುಬಿಸಿನ್ನಿನ ಕೆಂಪು ಮಾತ್ರ. ಆದರೆ ಫಾಯಿಲ್‌ನದ್ದನ್ನು ತಿರುಗಿಸಿದರೆ ಪೆಲೆಟ್ (ತಳಕ್ಕೆ ಕೂತ ಕಣ) ಮೇಲಿನ ನೀರೂ ತಿಳಿಹಸಿರು.

ಪಣಜಿ_ಕಲಾಯ್ಡ್:
ಹಾಗಾದರೆ ಸೋರಿಕೆಯೂ ಇದೆ. ಐಸಿಜಿಗೆ ಟೆಟ್ರಾಬ್ಯುಟೈಲ್ ಅಮೋನಿಯಂ ಅಯೊಡೈಡ್ ಅನ್ನೋ ಲವಣ ಜೋಡಿಸಿದರೆ ನೀರು ಬಿಟ್ಟು ಎಣ್ಣೆಯ ಕಡೆ ವಾಲುತ್ತೆ, ಪಿಎಲ್‌ಜಿಎ ಒಳಗೆ ನಿಲ್ಲುತ್ತೆ. ಸೋಮವಾರಕ್ಕೆ ಅದು ಬೇಡ. ಅವತ್ತೇ ಬೆಳಗ್ಗೆ ಹೊಸದಾಗಿ ಮಾಡಿ, ಕತ್ತಲಲ್ಲೇ ತೊಳೆದು ಒಯ್ಯಿರಿ.

ಪಾಷಾಣ್_ಪಾಲಿಮರ್:
ನಮ್ಮಲ್ಲಿ ಈಗ ಕಣ ಮಾಡೋಕೆ ಮೈಕ್ರೊಫ್ಲೂಯಿಡಿಕ್ ಚಿಪ್ (ಕೂದಲೆಳೆಯಂಥ ಕಾಲುವೆಗಳ ಚಿಪ್) ಬಂದಿದೆ. ಪಿಡಿಐ (ಸೈಜ್‌ನ ಹೆಚ್ಚುಕಮ್ಮಿ) 0.06, ಪ್ರತಿ ಸಲವೂ. ಎರಡು ಸಿರಿಂಜ್ ಪಂಪ್ ಕೂಡ ಹೊಸದು. ಫೋಟೊ ಹಾಕಲಾ?

ಮಾಟುಂಗಾ_ಮಾಮ:
ಹಾಕಿ ಸರ್. ಪಂಪ್ ಯಾವ ಮಾಡೆಲ್?

ಕೊತ್ರೂಡ್‌_ಪಿಎಚ್‌ಡಿ:
ಪಣಜಿಯವರೇ, ತುಂಬಾ ಥ್ಯಾಂಕ್ಸ್. ಸೋಮವಾರ ಬೆಳಗ್ಗೆ 5ಕ್ಕೆ ಲ್ಯಾಬ್‌ನಲ್ಲಿರುತ್ತೇನೆ. ಆ ಅಯೊಡೈಡ್ ಸೇರಿಸಿದರೆ ಡಾಕ್ಸೊರುಬಿಸಿನ್ ಲೋಡಿಂಗ್ ಕಡಿಮೆ ಆಗುತ್ತಾ? ಎರಡನ್ನೂ ಒಟ್ಟಿಗೆ ಹಾಕಿ ನೋಡಿದವರು ಯಾರಾದರೂ ಇದ್ದೀರಾ?