ಸಹಾಯ ಬೇಕು: ಬಚಾತಾ ಹಾಡುಗಳ ಅರ್ಥ ಬಲ್ಲವರು ಇದ್ದೀರಾ?

ಗೆಳೆಯರೇ, ಇಲ್ಲಿ ಸ್ಪ್ಯಾನಿಷ್ ಬಲ್ಲವರು ಯಾರಾದರೂ ಇದ್ದೀರಾ? ಐದು ವರ್ಷದ ಸಂಬಂಧ ಮುರಿದು ಮೂರು ತಿಂಗಳಾಯಿತು. ನಿದ್ದೆ ಬಾರದ ರಾತ್ರಿಗಳಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಪ್ರೇಮದ ನೋವಿನ ಸಂಗೀತವಾದ ಬಚಾತಾ ಕೇಳುತ್ತಿದ್ದೇನೆ. ಭಾಷೆ ಬರದಿದ್ದರೂ ಗಿಟಾರಿನ ಮೀಟು ಎದೆಗೇ ತಾಗುತ್ತದೆ. ಕೆಳಗೆ ಬೊಂಗೊ ಎಂಬ ಜೋಡಿ ಡೋಲಿನ ಬಡಿತ, ಗ್ವೀರಾ ಎಂಬ ಲೋಹದ ಉಜ್ಜುವ ವಾದ್ಯದ ಕರಕರ ಸದ್ದು ಮಾತ್ರ ನಿಲ್ಲದೆ ನಡೆಯುತ್ತಲೇ ಇರುತ್ತದೆ. ಅಳುವವರನ್ನೂ ಕುಣಿಸುವ ಸಂಗೀತ ಇದು.

ಮೊದಲ ಬಚಾತಾ ಧ್ವನಿಮುದ್ರಣ 1962ರದ್ದು, ಹೋಸೆ ಮಾನುಯೆಲ್ ಕಾಲ್ದೆರೋನ್ ಅವರದು. 'ಅಮಾರ್ಗೆ', ಅಂದರೆ ಕಹಿಯ ಸಂಗೀತ, ಎಂದೂ ಇದನ್ನು ಕರೆಯುತ್ತಿದ್ದರು. ಬಡವರ ಹಾಡೆಂದು ಸಿರಿವಂತರು ದಶಕಗಳ ಕಾಲ ಮೂಗು ಮುರಿದರು. 2019ರಲ್ಲಿ ಬಚಾತಾ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು.

ಆ 'ಅಮಾರ್ಗೆ'ಗೆ ಕನ್ನಡದಲ್ಲಿ ಏನನ್ನಬೇಕು? ಕಹಿಯೋ, ಕೊರಗೋ, ವಿರಹವೋ? ನನಗಂತೂ ವಿರಹ ತೀರಾ ಮೆದುವೆನಿಸುತ್ತದೆ. ಅದರಲ್ಲಿ ಮತ್ತೆ ಸೇರುವ ಆಸೆ ಉಳಿದಿರುತ್ತದೆ. ಇನ್ನೊಂದು ವಿನಂತಿ: ಕುಡಿದು ಶಪಿಸುವ ಹಾಡುಗಳು ಸಾಕಾಗಿವೆ. ಬಿಟ್ಟುಕೊಟ್ಟು ಮುಂದೆ ನಡೆದವರ ಬಚಾತಾ ಗೊತ್ತಿದ್ದರೆ ಹೆಸರು, ಜತೆಗೆ ನಾಲ್ಕು ಸಾಲಿನ ಭಾವಾರ್ಥ ಬರೆಯಿರಿ. ಹೆಣ್ಣು ಹಾಡಿದ್ದಾದರೆ ಇನ್ನೂ ಒಳ್ಳೆಯದು. ಎಷ್ಟು ತಡರಾತ್ರಿ ಬರೆದರೂ ಸರಿ, ಎಚ್ಚರವಾಗಿಯೇ ಇರುತ್ತೇನೆ.