ಮುಂಬಯಿ ಕನ್ನಡಿಗರ ಗುಂಪು: ಹೊಗೆ, ಉಬ್ಬಸ, ಜೀನ್ಸ್ – ಡಾಕ್ಟ್ರಿಗೆ ಕೇಳಿ

ಚೆಂಬೂರು ಅಮ್ಮ: ಡಾಕ್ಟ್ರೇ ನಮಸ್ಕಾರ. ನಂಗೆ ಅವಳಿ ಮಕ್ಳು, ಏಳು ವರ್ಷ, ಒಂದು ಗಂಡು ಒಂದು ಹೆಣ್ಣು. ಒಂದೇ ಮನೆ, ಒಂದೇ ಸ್ಕೂಲು. ನವೆಂಬರ್ ಬಂತು ಅಂದ್ರೆ ಮಗನಿಗೆ ರಾತ್ರಿ ಕೆಮ್ಮು, ಎದೇಲಿ ಸುಂಯ್ ಸುಂಯ್, ಮಗಳಿಗೆ ಏನೂ ಇಲ್ಲ. ಇದು ಜೀನ್ಸ್ ಅಂತಾರೆ, ಟೆಸ್ಟ್ ಮಾಡಿಸ್ಲಾ? ಈಗ ದಿನಾ ರಾತ್ರಿ ಸಾಲ್ಬುಟಮಾಲ್ ಪಂಪ್ ಕೊಡ್ತಿದೀವಿ, ಇನ್ನೊಂದು ಪಂಪು ಸ್ಟೀರಾಯ್ಡ್ ಅಂತ ಅತ್ತೆ ನಿಲ್ಲಿಸಿಬಿಟ್ರು.

ಡಾಕ್ಟರ್: ಅಮ್ಮ, ನಂಗೆ ಚಿಂತೆ ಜೀನಿಂದಲ್ಲ, ನಿಲ್ಲಿಸಿದ ಆ ಪಂಪಿಂದು. ಸಾಲ್ಬುಟಮಾಲ್ ಉಸಿರಿನ ಕೊಳವೆಯನ್ನ ಆ ಹೊತ್ತಿಗೆ ಸಡಿಲ ಮಾಡತ್ತೆ ಅಷ್ಟೆ, ಒಳಗಿನ ಊತ ಹಾಗೇ ಇರತ್ತೆ. ದಿನಾ ರಾತ್ರಿ ಬೇಕಾಗ್ತಿದೆ ಅಂದ್ರೆ ಉಬ್ಬಸ ಹತೋಟೀಲಿಲ್ಲ ಅಂತಲೇ. ಊತ ಇಳಿಸೋದು ಆ ಸ್ಟೀರಾಯ್ಡ್ ಪಂಪು, ಔಷಧ ನೇರ ಶ್ವಾಸಕೋಶಕ್ಕೆ ಹೋಗೋದ್ರಿಂದ ತುಂಬಾ ಕಮ್ಮಿ ಡೋಸ್ ಸಾಕು. ಈ ವಾರವೇ ನಿಮ್ಮ ಡಾಕ್ಟ್ರ ಹತ್ರ ಹೋಗಿ, ಸ್ಪೇಸರ್ (ಪಂಪಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ) ಹಾಕಿ ಕೊಡೋದು ಹೇಗೆ ಅಂತ ಮಾಡಿ ತೋರಿಸೋಕೆ ಹೇಳಿ. ಮಾತಾಡೋಕೂ ಏದುಸಿರು ಬಂದ್ರೆ, ಪಕ್ಕೆ ಒಳಕ್ಕೆ ಎಳೆದ್ರೆ ಕಾಯಬೇಡಿ, ನೇರ ಕ್ಯಾಶುವಾಲ್ಟಿ.

ಇನ್ನು ನಿಮ್ಮ ಪ್ರಶ್ನೆ, ಒಳ್ಳೇ ಪ್ರಶ್ನೆ. ಗಂಡು-ಹೆಣ್ಣು ಅವಳಿ ಅಂದ್ರೆ ಬೇರೆ ಅಣ್ಣ-ತಂಗಿ ಥರಾನೇ, ಜೀನ್ಸ್ ಸುಮಾರು ಅರ್ಧ ಮಾತ್ರ ಹೊಂದತ್ತೆ. ಜಿಎಸ್‌ಟಿಎಂ1 ಅಂತ ಒಂದು ಜೀನ್ ಇದೆ, ಹೊಗೆ ಮತ್ತೆ ಓಝೋನ್ (ವಾಹನದ ಹೊಗೆ ಬಿಸಿಲಿಗೆ ಸಿಕ್ಕಿ ಆಗೋ ಅನಿಲ) ಶ್ವಾಸಕೋಶಕ್ಕೆ ಮಾಡೋ ಹಾನಿಯನ್ನ ತಡೆಯೋ ಕಿಣ್ವ ಇದರಿಂದ ಬರತ್ತೆ, ಆದ್ರೆ ಎಷ್ಟೋ ಜನರಲ್ಲಿ ಇದರ ಎರಡೂ ಪ್ರತಿ ಹುಟ್ಟಿನಿಂದಲೇ ಇರಲ್ಲ. ಮೆಕ್ಸಿಕೋ ಸಿಟೀಲಿ ಉಬ್ಬಸ ಇರೋ 158 ಮಕ್ಕಳ ಮೇಲೆ ಮಾಡಿದ ಅಧ್ಯಯನ 2004ರಲ್ಲಿ ಬಂತು, ಈ ಜೀನ್ ಇಲ್ಲದ ಮಕ್ಕಳಲ್ಲಿ ಓಝೋನ್ ಜಾಸ್ತಿ ಇದ್ದಾಗ ಸಣ್ಣ ಕೊಳವೆಗಳ ಗಾಳಿ ಹರಿವು ಕುಗ್ಗಿತು, ವಿಟಮಿನ್ ಸಿ ಮತ್ತು ಇ ಕೊಟ್ಟವರಲ್ಲಿ ಕುಗ್ಗಲಿಲ್ಲ. ಇದನ್ನ ಓದಿ ನಾಳೆ ಮಾತ್ರೆ ತರಬೇಡಿ!! ಅದೊಂದು ಸಣ್ಣ ಅಧ್ಯಯನ. ನಿಮ್ಮ ಮಗನಲ್ಲಿ ಈ ಜೀನೇ ಕಾರಣ ಅಂತ ಹೇಳೋಕಾಗಲ್ಲ, ಬೇರೆ ಎಷ್ಟೋ ಜೀನ್ಸ್, ಅಲರ್ಜಿ, ಚಿಕ್ಕಂದಿನ ಸೋಂಕು ಎಲ್ಲಾ ಸೇರತ್ತೆ. ಟೆಸ್ಟ್ ಮಾಡಿಸಿದ್ರೂ ಚಿಕಿತ್ಸೆ ಬದಲಾಗಲ್ಲ. ಸ್ಪೈರೋಮೆಟ್ರಿ ಮಾಡಿಸಿ, ಅಂದ್ರೆ ಊದಿಸಿ ಶ್ವಾಸಕೋಶ ಎಷ್ಟು ಕೆಲಸ ಮಾಡತ್ತೆ ಅಂತ ಅಳೆಯೋ ಟೆಸ್ಟು, ಏಳು ವರ್ಷದ ಮಗು ಊದಬಲ್ಲದು. ಮನೇಲಿ ಸೊಳ್ಳೆ ಕಾಯಿಲ್, ಅಗರಬತ್ತಿ ಬಂದ್ ಮಾಡಿ.

ಥಾಣೆ ಮಾಮ: ಫಾರ್ವರ್ಡ್ ಆಗಿದೆ – ರಾತ್ರಿ ಬೆಲ್ಲ ತಿಂದ್ರೆ ಶ್ವಾಸಕೋಶದ ಧೂಳೆಲ್ಲಾ ಹೊರಗೆ. ಮಕ್ಕಳಿಗೆ ಕರ್ಪೂರ-ಓಮದ ಗಂಟು ಕೊರಳಿಗೆ ಕಟ್ಟಿ 🙏

ಡಾಕ್ಟರ್: ಬೆಲ್ಲ ಹೋಗೋದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಕರ್ಪೂರ ಮಗು ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರತ್ತೆ. ದಯವಿಟ್ಟು ಇಂಥಾದ್ದು ಹಾಕಬೇಡಿ.

ಮುಲುಂಡ್ ಸದಸ್ಯೆ: ಸರ್ ಜೀನ್ ಟೆಸ್ಟಿಗೆ ಎಷ್ಟಾಗತ್ತೆ?

ಡಾಕ್ಟರ್: ಬೇಡ. ಮೇಲೆ ಬರೆದಿದೀನಿ.

ಡೊಂಬಿವಲಿ ಸದಸ್ಯ: ನಮ್ಮಪ್ಪ ಮೂವತ್ತು ವರ್ಷ ಗಿರಣೀಲಿ ಹತ್ತಿ ಧೂಳಲ್ಲಿದ್ರು, ಈಗ ಮೆಟ್ಟಿಲು ಹತ್ತೋಕಾಗಲ್ಲ. ಹೊಗೆಯಿಂದ ಜಾಸ್ತಿ ಆಗತ್ತಾ?

ಮಾಟುಂಗಾ ಹೋಟೆಲ್ ಅಣ್ಣ: ನಮ್ಮಜ್ಜ ಬೀಡಿ ಸೇದಿ ತೊಂಬತ್ತು ಬದುಕಿದ್ರು. ಎಲ್ಲಾ ಜೀನ್ಸು, ಹೊಗೆ ಬರೀ ನೆಪ.

ಮುಲುಂಡ್ ಸದಸ್ಯೆ: ನಿಮಗೆ ಹಾಗೇ ಅನ್ಸತ್ತೆ ಅಣ್ಣ, ಭಟ್ಟಿ ನಿಮ್ದಲ್ವಾ. 2025ರ ಜನವರೀಲಿ ಹೈಕೋರ್ಟೇ ಹೇಳ್ತು, ಕಟ್ಟಿಗೆ ಕಲ್ಲಿದ್ದಲು ಭಟ್ಟಿ ಆರು ತಿಂಗಳಲ್ಲಿ ಬದಲಿಸಿ ಅಂತ.

ಮಾಟುಂಗಾ ಹೋಟೆಲ್ ಅಣ್ಣ: ನಮ್ದು ಗ್ಯಾಸು, ಬಂದು ನೋಡಿ! ಕಟ್ಟಡದ ಧೂಳು, ಡಂಪರ್ ಕಾಣಲ್ವಾ? ಹೋಟೆಲ್‌ನೋರು ಮಾತ್ರ ಸಿಗೋದು ನಿಮಗೆ.

ಥಾಣೆ ಮಾಮ: ಮಕ್ಕಳನ್ನ ಊರಿಗೆ ಕಳಿಸಿ, ಈ ಊರೇ ಸರಿ ಇಲ್ಲ.

ಮುಲುಂಡ್ ಸದಸ್ಯೆ: ಊರಲ್ಲಿ ಕೆಲ್ಸ ನೀವು ಕೊಡ್ತೀರಾ ಮಾಮ?

ಡಾಕ್ಟರ್: ಸಾಕು. ಅಣ್ಣ, ನಿಮ್ಮಜ್ಜ ತಡ್ಕೊಂಡ್ರು ಅಂತ ಮೊಮ್ಮಕ್ಕಳೂ ತಡ್ಕೋತಾರೆ ಅಂತಿಲ್ಲ. ಕೆಲವರಿಗೆ ಹೊಗೆ ಜಾಸ್ತಿ ನಾಟತ್ತೆ ಅಂತಿದ್ರೆ, ಊರಿನ ಗಾಳಿ ಅವರಿಗೆ ತಕ್ಕಂತೆ ಇರಬೇಕು. ಪಿಎಂ2.5, ಅಂದ್ರೆ ಗಾಳೀಲಿರೋ ಅತಿ ಸಣ್ಣ ಧೂಳಿನ ಕಣ, ಅದಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಜೀನ್ ಮೇಲೆ ಹಾಕಿ ಹೊಗೆಯನ್ನ ಬಿಟ್ಟುಬಿಡೋದು ನಾನು ಒಪ್ಪಲ್ಲ.

ಗೋರೆಗಾಂವ್ ಸದಸ್ಯ: ಏರ್ ಪ್ಯೂರಿಫೈಯರ್ ಯಾವ ಕಂಪ್ನಿದು ತಗೊಳ್ಲಿ?

ಥಾಣೆ ಮಾಮ: ಅರಿಶಿನ ಹಾಕಿ ಬಿಸಿನೀರಿನ ಹಬೆ...

ಡಾಕ್ಟರ್: ಮಾಮ, ಹಬೆ ಪಾತ್ರೆ ಮಗುಚಿ ಮಕ್ಕಳು ಸುಟ್ಕೊಂಡು ಬರ್ತಾರೆ ಆಸ್ಪತ್ರೆಗೆ. ಇನ್ನೊಂದು ಫಾರ್ವರ್ಡ್ ಬಂದ್ರೆ ಅಡ್ಮಿನ್‌ಗೆ ಹೇಳಿ ತೆಗೆಸ್ತೀನಿ.

ಚೆಂಬೂರು ಅಮ್ಮ: ಡಾಕ್ಟ್ರೇ, ಶುಕ್ರವಾರಕ್ಕೆ ಅಪಾಯಿಂಟ್ಮೆಂಟ್ ಸಿಕ್ತು. ಅತ್ತೆಗೂ ನೀವು ಬರೆದಿದ್ದು ಓದಿ ಹೇಳ್ದೆ. ಮಗಳನ್ನೂ ಕರ್ಕೊಂಡು ಹೋಗ್ಲಾ?

ಡಾಕ್ಟರ್: ಅವಳಿಗೆ ಕೆಮ್ಮಿಲ್ಲ ಅಂದ್ರೆ ಈಗ ಬೇಡ. ಮಗನ ಪಂಪ್ ಎರಡೂ ತಗೊಂಡು ಹೋಗಿ, ನೀವು ಕೊಡೋ ರೀತಿ ಅಲ್ಲೇ ಮಾಡಿ ತೋರಿಸಿ.